ವಂಕಿ ಹೊಟ್ಟೆಗೇರುವುದು ಸುಳ್ಳಲ್ಲ

ಕುಟುಂಬ ಕಲ್ಯಾಣದ ಕರಪತ್ರಗಳಲ್ಲಿ ತಪ್ಪದೆ ಕಾಣಿಸುವ ಒಂದು ಪಟ್ಟಿ ಇದೆ. ಎಡಗಡೆ ‘ತಪ್ಪು ಕಲ್ಪನೆ’, ಬಲಗಡೆ ‘ನಿಜಾಂಶ’. ವಂಕಿ, ಅಂದರೆ ಬಸುರು ತಡೆಯಲು ಗರ್ಭಕೋಶದೊಳಗೆ ಇಡುವ ಕಾಪರ್-ಟಿಯಂಥ ಸಾಧನ, ಹಾಕಿಸಿಕೊಂಡರೆ ಅದು ಹೊಟ್ಟೆಗೆ ಏರುತ್ತದೆ, ಎದೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಕ್ಯಾನ್ಸರ್ ತರುತ್ತದೆ, ಗಂಡನಿಗೆ ಚುಚ್ಚುತ್ತದೆ. ಇವು ಎಡಗಡೆಯ ಸಾಲುಗಳು. ಬಲಗಡೆ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ: ಹಾಗೇನೂ ಆಗುವುದಿಲ್ಲ, ಪೂರ್ತಿ ಸುರಕ್ಷಿತ. ಓದುಬರಹ ಬಲ್ಲ ನಾವೂ ಈ ಪಟ್ಟಿಯನ್ನು ಒಪ್ಪಿಕೊಂಡು ಕೂತಿದ್ದೇವೆ. ಹಳ್ಳಿಯ ಹೆಂಗಸರು ಕಾಪರ್-ಟಿಗೆ ಹೆದರುತ್ತಾರೆ ಅಂದರೆ ಅದು ಅಜ್ಞಾನ, ಓರಗಿತ್ತಿ-ನೆರೆಮನೆಯವರು ಹಬ್ಬಿಸಿದ ಗಾಳಿಮಾತು. ಆ ಗಾಳಿಮಾತನ್ನು ಓಡಿಸಿದರೆ ಸಾಕು, ಉಳಿದದ್ದು ಸರಿಹೋಗುತ್ತದೆ ಎಂಬುದು ವೈದ್ಯರಿಂದ ಹಿಡಿದು ಪತ್ರಿಕೆಯ ಆರೋಗ್ಯ ಅಂಕಣದವರೆಗೆ ಎಲ್ಲರ ಅಭಿಪ್ರಾಯ.

ನನಗೆ ಈ ಅಭಿಪ್ರಾಯದ ಬಗ್ಗೆ ತಕರಾರಿದೆ. ಎಡಗಡೆಯ ಸಾಲುಗಳೆಲ್ಲ ಒಂದೇ ಜಾತಿಯವಲ್ಲ. ಕ್ಯಾನ್ಸರ್ ಮಾತು ಸುಳ್ಳು. ಬದಲಿಗೆ ವಂಕಿ ಹಾಕಿಸಿಕೊಂಡವರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದಿದೆ. ಎದೆಗೆ ಹೋಗುವುದೂ ಸುಳ್ಳು. ಗಂಡನಿಗೆ ಚುಚ್ಚುವ ಮಾತಿನಲ್ಲಿ ಅರ್ಧ ನಿಜವಿದೆ: ವಂಕಿಯಿಂದ ಗರ್ಭಕೊರಳಿನಾಚೆಗೆ ಇಳಿಬಿಡುವ ದಾರವನ್ನು ತೀರಾ ಗಿಡ್ಡಕ್ಕೆ ಕತ್ತರಿಸಿದರೆ ಅದರ ತುದಿ ಮೊಂಡಾಗಿ ತಾಗುತ್ತದೆ, ಉದ್ದ ಬಿಟ್ಟರೆ ಮೆತ್ತಗೆ ಮಡಚಿಕೊಳ್ಳುತ್ತದೆ. ಹೊಟ್ಟೆಗೇರುವ ಮಾತು ಮಾತ್ರ ಪೂರ್ತಿ ನಿಜ. ಅಪರೂಪಕ್ಕೆ ಆಗುವ ನಿಜ, ಆದರೂ ನಿಜವೇ.

ಆಗುವುದು ಹೀಗೆ. ಗರ್ಭಕೋಶ ಎಲ್ಲರಲ್ಲೂ ಒಂದೇ ಕಡೆಗೆ ಬಾಗಿರುವುದಿಲ್ಲ; ಕೆಲವರಲ್ಲಿ ಮುಂದಕ್ಕೆ, ಕೆಲವರಲ್ಲಿ ಬೆನ್ನಿನ ಕಡೆಗೆ. ವಂಕಿ ಹಾಕುವವರು ಮೊದಲು ಕೈಯಿಟ್ಟು ಪರೀಕ್ಷಿಸಿ ಆ ಬಾಗನ್ನು ತಿಳಿದುಕೊಳ್ಳಬೇಕು, ಗರ್ಭಕೊರಳನ್ನು ಹಿಡಿದೆಳೆದು ದಾರಿಯನ್ನು ನೆಟ್ಟಗೆ ಮಾಡಿಕೊಳ್ಳಬೇಕು, ಅಳತೆಕಡ್ಡಿಯಿಂದ ಆಳ ನೋಡಿ ಅಷ್ಟೇ ದೂರ ಕೊಳವೆ ತೂರಿಸಬೇಕು. ಬಾಗನ್ನು ತಪ್ಪಾಗಿ ತಿಳಿದರೆ ಕಡ್ಡಿಯೋ ಕೊಳವೆಯೋ ಗೋಡೆಗೆ ಹೋಗಿ ಊರುತ್ತದೆ. ಹೆರಿಗೆಯಾಗಿ ಹೆಚ್ಚು ದಿನವಾಗದ, ಎದೆಹಾಲು ಕೊಡುತ್ತಿರುವ ಹೆಂಗಸಿನಲ್ಲಿ ಆ ಗೋಡೆ ಮೆತ್ತಗಿರುತ್ತದೆ. ಮಾಗಿದ ಹಣ್ಣಿನೊಳಗೆ ಕಡ್ಡಿ ಇಳಿದ ಹಾಗೆ ಇಳಿದುಬಿಡುತ್ತದೆ, ಎಷ್ಟೋ ಸಲ ಹಾಕುವವರ ಕೈಗೂ ಗೊತ್ತಾಗುವುದಿಲ್ಲ, ಹಾಕಿಸಿಕೊಳ್ಳುವವಳಿಗೂ ಹೇಳಿಕೊಳ್ಳುವಂಥ ನೋವಾಗುವುದಿಲ್ಲ. ವಂಕಿ ಆಗಲೇ ಅರ್ಧ ಅಥವಾ ಪೂರ್ತಿ ಆಚೆಗೆ ದಾಟಿರುತ್ತದೆ. ಆಮೇಲೆ ಅದು ಕರುಳನ್ನು ಮುಚ್ಚಿಕೊಂಡ ಕೊಬ್ಬಿನ ಪೊರೆಯಲ್ಲಿ ಸಿಕ್ಕಿಕೊಳ್ಳಬಹುದು, ದೊಡ್ಡ ಕರುಳಿಗೆ ಅಂಟಬಹುದು, ಮೂತ್ರಕೋಶದೊಳಕ್ಕೆ ನುಸುಳಬಹುದು. ಮೂತ್ರಕೋಶಕ್ಕೆ ಹೋದರೆ ವರ್ಷಗಳಲ್ಲಿ ಅದರ ಸುತ್ತ ಕಲ್ಲು ಬೆಳೆಯುತ್ತದೆ. ಉರಿಮೂತ್ರ, ರಕ್ತ ಎಂದು ಮೂತ್ರರೋಗ ವೈದ್ಯರ ಬಳಿ ಹೋದ ಹೆಂಗಸಿನ ಕಲ್ಲನ್ನು ಒಡೆದಾಗ ನಡುವೆ ಟಿ ಆಕಾರದ ಪ್ಲಾಸ್ಟಿಕ್ ಸಿಕ್ಕ ವರದಿಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲೇ ಒಂದಲ್ಲ ಎರಡಲ್ಲ.

ಇದು ಎಷ್ಟು ಅಪರೂಪ ಎಂಬುದಕ್ಕೂ ಒಳ್ಳೆಯ ಲೆಕ್ಕವಿದೆ. ಯುರೋಪಿನ ಆರು ದೇಶಗಳ 61,000ಕ್ಕೂ ಹೆಚ್ಚು ಹೆಂಗಸರನ್ನು ಅನುಸರಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಮ್ರದ ವಂಕಿ ಹಾಕಿಸಿಕೊಂಡ ಸಾವಿರದಲ್ಲಿ ಸುಮಾರು 1.1 ಮಂದಿಗೆ, ಹಾರ್ಮೋನಿನ ವಂಕಿ ಹಾಕಿಸಿಕೊಂಡ ಸಾವಿರದಲ್ಲಿ 1.4 ಮಂದಿಗೆ ಗರ್ಭಕೋಶ ತೂತಾಗಿತ್ತು. ಸಾವಿರಕ್ಕೆ ಒಂದು. ಕರಪತ್ರದವರು ಇಲ್ಲಿಗೆ ನಿಲ್ಲಿಸಿ ‘ನೋಡಿ, ಏನೂ ಇಲ್ಲ’ ಅನ್ನುತ್ತಾರೆ. ಅದೇ ಅಧ್ಯಯನದ ಮುಂದಿನ ಮಾತನ್ನು ಹೇಳುವುದಿಲ್ಲ: ಹಾಕಿಸಿಕೊಳ್ಳುವಾಗ ಎದೆಹಾಲು ಕೊಡುತ್ತಿದ್ದವರಲ್ಲಿ ಈ ಅಪಾಯ ಉಳಿದವರಿಗಿಂತ ಸುಮಾರು ಆರು ಪಟ್ಟು. 2022ರಲ್ಲಿ ಅಮೆರಿಕದಿಂದ ಬಂದ, ಮೂರು ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿದ ಇನ್ನೊಂದು ಅಧ್ಯಯನ ಇನ್ನಷ್ಟು ಬಿಡಿಸಿ ತೋರಿಸಿತು: ಹೆರಿಗೆಯಾದ ನಾಲ್ಕನೇ ದಿನದಿಂದ ಆರನೇ ವಾರದೊಳಗೆ ಹಾಕಿದರೆ ಅಪಾಯ ಅತಿ ಹೆಚ್ಚು. ಹೆರಿಗೆಯಾದ 48 ಗಂಟೆಯೊಳಗೆ ಹಾಕಿ, ಇಲ್ಲವಾದರೆ ಆರು ವಾರ ಕಾಯಿರಿ ಎಂದು ನಮ್ಮ ಸರ್ಕಾರದ ಮಾರ್ಗಸೂಚಿಯೂ ಹೇಳುತ್ತದೆ.

ಹಾಗಾದರೆ ಈ ಅಪಾಯ ಎಲ್ಲರ ಮೇಲೂ ಸಮನಾಗಿ ಉದುರುವ ದುರದೃಷ್ಟವಲ್ಲ. ಅದಕ್ಕೆ ವಿಳಾಸವಿದೆ. ಬಾಣಂತಿ, ಹಾಲೂಡಿಸುವವಳು, ಅನುಭವ ಕಡಿಮೆಯಿರುವ ಕೈಗೆ ಸಿಕ್ಕವಳು. ನಮ್ಮ ಸರ್ಕಾರಿ ಯೋಜನೆಯ ಮುಖ್ಯ ಗಿರಾಕಿಗಳು ಯಾರು ಎಂದು ಕೇಳಿದರೆ ಉತ್ತರವೂ ಅದೇ. ಒಂದು ವರ್ಷ ದಾಟಿದ ಮೇಲೂ ಮಗುವಿಗೆ ಹಾಲೂಡಿಸುವುದು ನಮ್ಮಲ್ಲಿ ವಾಡಿಕೆ. ಯುರೋಪಿನ ಸರಾಸರಿಯನ್ನು ತಂದು ನಮ್ಮ ಹೆಂಗಸರ ಮುಂದಿಟ್ಟು ‘ಸಾವಿರಕ್ಕೆ ಒಂದು’ ಅಂದರೆ ಅದು ಲೆಕ್ಕದಲ್ಲಿ ಸರಿಯಿದ್ದೂ ತಪ್ಪು. ಇನ್ನು ಸಾವಿರಕ್ಕೆ ಒಂದೇ ಎಂದುಕೊಂಡರೂ, ಹತ್ತು ಲಕ್ಷ ಮಂದಿಗೆ ಹಾಕಿದಾಗ ಅದು ಸಾವಿರ ಹೆಂಗಸರು. ಪ್ರತಿಯೊಬ್ಬಳಿಗೂ ಒಂದೊಂದು ಊರಿದೆ, ಊರಿನಲ್ಲಿ ನೂರು ಕಿವಿಗಳಿವೆ. ‘ವಂಕಿ ಹೊಟ್ಟೆಗೆ ಏರಿತಂತೆ’ ಎಂಬ ಮಾತು ಹುಟ್ಟಲು ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ. ಆ ಮಾತನ್ನು ಕಟ್ಟುಕತೆ ಅನ್ನುವವರು ಯಾರೋ ಒಬ್ಬಳ ಎಕ್ಸ್-ರೇಯನ್ನೇ ಕಟ್ಟುಕತೆ ಅನ್ನುತ್ತಿದ್ದಾರೆ.

ತೂತಾಗುವುದು ಅಷ್ಟೇ ಆದರೆ ನನ್ನ ತಕರಾರು ಇಷ್ಟು ಉದ್ದವಾಗುತ್ತಿರಲಿಲ್ಲ. ಹೊಟ್ಟೆಯೊಳಗೆ ಹೋದ ವಂಕಿಯನ್ನು ಲ್ಯಾಪರೊಸ್ಕೋಪಿಯಲ್ಲಿ ಹೆಚ್ಚಿನ ಸಲ ಸುಲಭವಾಗಿ ತೆಗೆಯಬಹುದು. ತಾಮ್ರ ಒಳಗೆ ಉರಿಯೂತ ಎಬ್ಬಿಸಿ ಅಂಗಾಂಗಗಳನ್ನು ಅಂಟಿಸುವುದರಿಂದ ಗೊತ್ತಾದ ಕೂಡಲೇ ತೆಗೆಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಸಲಹೆ. ಪ್ರಶ್ನೆ ಇರುವುದು ‘ಗೊತ್ತಾದ ಕೂಡಲೇ’ ಎಂಬಲ್ಲಿ. ಗೊತ್ತಾಗುವುದು ಹೇಗೆ? ದಾರದಿಂದ. ಪ್ರತಿ ಮುಟ್ಟಿನ ನಂತರ ಬೆರಳಿಗೆ ದಾರ ಸಿಗುತ್ತದೋ ನೋಡಿಕೊಳ್ಳಬೇಕು, ಸಿಗದಿದ್ದರೆ ಬರಬೇಕು. ಈಗ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನೆನೆದುಕೊಳ್ಳಿ.

‘ಅಕ್ಕಾ, ದಾರ ಸಿಗ್ತಿಲ್ಲ.’

‘ಬಿದ್ದೋಗಿರ್ಬೇಕು ಬಿಡಮ್ಮ. ಮುಟ್ಟಿನಾಗೆ ಗೊತ್ತಾಗ್ದಂಗೆ ಹೋಗಿರ್ತದೆ. ಇನ್ನೊಂದ್ ಹಾಕೋಣ.’

ಬಿದ್ದುಹೋಗುವುದೂ ಉಂಟು, ಹೆರಿಗೆಯಾದ ಕೂಡಲೇ ಹಾಕಿದವುಗಳಲ್ಲಿ ಅದು ಚೆನ್ನಾಗಿಯೇ ಉಂಟು. ಆದ್ದರಿಂದಲೇ ಈ ಉತ್ತರ ಸಲೀಸು. ಆದರೆ ಬಿದ್ದದ್ದನ್ನು ಕಣ್ಣಾರೆ ನೋಡದ ಹೊರತು ಬಿದ್ದಿದೆ ಎಂದು ತೀರ್ಮಾನಿಸಬಾರದು ಎನ್ನುವುದು ಈ ವಿಷಯದ ಮೊದಲ ಪಾಠ. ಮೊದಲು ಬಸುರಿಲ್ಲ ಎಂದು ಖಾತ್ರಿ ಮಾಡಿಕೊಂಡು, ದಾರ ಒಳಗೆ ಸುರುಳಿಸುತ್ತಿಕೊಂಡಿದೆಯೋ ನೋಡಿ, ಸ್ಕ್ಯಾನಿಂಗ್ ಮಾಡಿಸಿ, ಗರ್ಭಕೋಶ ಖಾಲಿಯಿದ್ದರೆ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸಾದಾ ಎಕ್ಸ್-ರೇ ತೆಗೆಸಬೇಕು. ವಂಕಿಯ ಪ್ಲಾಸ್ಟಿಕ್ಕಿಗೆ ಬೇರಿಯಂ ಬೆರೆಸಿರುವುದೇ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣಲಿ ಎಂದು. ಕರುಳಿನ ಮರೆಯಲ್ಲಿ ಕೂತ ವಂಕಿಯನ್ನು ಸ್ಕ್ಯಾನಿಂಗ್ ಹಿಡಿಯದೆ ಬಿಡಬಹುದು, ಎಕ್ಸ್-ರೇ ಬಿಡುವುದಿಲ್ಲ. ಸ್ಕ್ಯಾನಿಂಗ್ ಕೇಂದ್ರಗಳು ಸಂತೆ ಊರುಗಳಲ್ಲೂ ಆಗಿರುವ ಈ ಕಾಲದಲ್ಲಿ ಅಗ್ಗದ ಒಂದು ಎಕ್ಸ್-ರೇ ಬಿಟ್ಟುಹೋಗಿ, ಹೊಟ್ಟೆಯಲ್ಲಿ ಒಂದು, ಗರ್ಭಕೋಶದಲ್ಲಿ ಇನ್ನೊಂದು ಇಟ್ಟುಕೊಂಡು ವರ್ಷಗಟ್ಟಲೆ ಓಡಾಡಿದ ಹೆಂಗಸರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಅಪರೂಪದ ತೊಡಕು ಅನಾಹುತವಾಗುವುದು ಇಲ್ಲಿ. ತೂತು ಮಾಡಿದ್ದು ಕೈ, ಅದನ್ನು ಐದು ವರ್ಷ ಬೆಳೆಸಿದ್ದು ‘ಬಿಡಮ್ಮ’ ಎಂಬ ಮಾತು.

ಗರ್ಭನಾಳದಲ್ಲಿ ಬಸುರು ನಿಲ್ಲುವ ವಿಷಯದಲ್ಲೂ ಇದೇ ಕತೆ. ವಂಕಿ ಬಸುರನ್ನೇ ತಡೆಯುವುದರಿಂದ ಒಟ್ಟಾರೆ ನಾಳದ ಬಸುರೂ ಕಡಿಮೆಯಾಗುತ್ತದೆ; ತಾಮ್ರದ ವಂಕಿ ಮೊದಲ ವರ್ಷದಲ್ಲಿ ವಿಫಲವಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಅಪ್ಪಿತಪ್ಪಿ ಬಸುರಾದರೆ ಅದು ನಾಳದಲ್ಲಿ ನಿಂತಿರುವ ಸಂಭವ ಸಾಮಾನ್ಯ ಬಸುರಿಗಿಂತ ಹೆಚ್ಚು. ಎರಡು ಮಾತೂ ಒಟ್ಟಿಗೆ ನಿಜ. ‘ಕಾಪರ್-ಟಿ ಇದೆಯಲ್ಲ, ಬಸುರು ಎಲ್ಲಿಂದ ಬರುತ್ತೆ’ ಎಂದು ಮುಟ್ಟು ನಿಂತ, ಕಿಬ್ಬೊಟ್ಟೆ ಒಂದು ಪಕ್ಕ ನೋಯುವ ಹೆಂಗಸನ್ನು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಸಾಧನದ ಮೇಲಿನ ಅತಿನಂಬಿಕೆಯೂ ಒಂದು ಮೂಢನಂಬಿಕೆಯೇ, ಅದು ಬಿಳಿ ಕೋಟು ಹಾಕಿಕೊಂಡಿರುವುದರಿಂದ ಕರಪತ್ರದ ಎಡಗಡೆಗೆ ಬರುವುದಿಲ್ಲ.

ಸೋಂಕಿನ ಬಗ್ಗೆ ಬೇಗ ಹೇಳಿ ಮುಗಿಸಬಹುದು. ವಂಕಿಯಿಂದ ಗರ್ಭಕೋಶಕ್ಕೆ ಸೋಂಕು ತಗಲುತ್ತದೆ ಎಂಬ ಹಳೆಯ ಹೆದರಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಸುಮಾರು 23,000 ಸಲ ವಂಕಿ ಹಾಕಿದ ಮಾಹಿತಿಯಿಂದ 1992ರಲ್ಲಿ ಬಿಡಿಸಿತು: ಅಪಾಯ ಇರುವುದು ಹಾಕಿದ ಮೊದಲ ಇಪ್ಪತ್ತು ದಿನ, ಆಮೇಲೆ ತೀರಾ ಕಡಿಮೆ. ಅಂದರೆ ಅಲ್ಲೂ ಪ್ರಶ್ನೆ ಹಾಕಿದ ಕೈ, ಹಾಕಿದ ಕೋಣೆ, ಹಾಕುವ ಮುಂಚೆ ಸೋಂಕು ಇದೆಯೋ ಎಂದು ನೋಡಿದರೋ ಇಲ್ಲವೋ ಎಂಬುದು. ಅಧಿಕ ರಕ್ತಸ್ರಾವವನ್ನು ನಾನು ಅಪರೂಪದ ತೊಡಕುಗಳಿಗೆ ಸೇರಿಸುವುದೇ ಇಲ್ಲ. ಮೊದಲ ಕೆಲವು ತಿಂಗಳಲ್ಲಿ ಅದು ಮಾಮೂಲು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವ ದೇಶದಲ್ಲಿ ಆ ಮಾಮೂಲು ಎಷ್ಟು ಮಾಮೂಲು ಎಂದು ಮಾತ್ರ ಯೋಚಿಸಬೇಕು.

ಈ ಹೆದರಿಕೆ ಎಲ್ಲಿಂದ ಬಂತು ಎಂಬುದಕ್ಕೆ ಚರಿತ್ರೆಯೂ ಇದೆ, ಆ ಚರಿತ್ರೆಯಲ್ಲಿ ಹೆಂಗಸರ ಅಜ್ಞಾನದ ಪಾಲು ಕಡಿಮೆ. ಅಮೆರಿಕದ ಬಫಲೋ ನಗರದ ಜ್ಯಾಕ್ ಲಿಪ್ಪೆಸ್ ರೂಪಿಸಿದ ಪ್ಲಾಸ್ಟಿಕ್ ಲೂಪ್ ಎಂಬ ವಂಕಿ 1965ರಲ್ಲಿ ಭಾರತದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಂತು. ಅದನ್ನು ಇಲ್ಲೇ ತಯಾರಿಸಲು ಕಾನ್ಪುರದಲ್ಲಿ ಕಾರ್ಖಾನೆ ಶುರುವಾಯಿತು. ದೇಶದ ಜನಸಂಖ್ಯೆಯ ಸಮಸ್ಯೆಗೆ ಕೊನೆಗೂ ಉತ್ತರ ಸಿಕ್ಕಿತು ಎಂಬ ಸಂಭ್ರಮ. ಗುರಿಗಳು, ಶಿಬಿರಗಳು, ಹಾಕಿದ್ದಕ್ಕಿಷ್ಟು ಎಂಬ ಹಣ. ಮೊದಲೆರಡು ವರ್ಷ ಲಕ್ಷಗಟ್ಟಲೆ ಹಾಕಿದರು, ಆಮೇಲೆ ಸಂಖ್ಯೆ ಕುಸಿಯಿತು. ರಕ್ತ ಹೋಗುತ್ತಿದೆ ಎಂದು ಬಂದವರನ್ನು ನೋಡಲು ಶಿಬಿರದ ವೈದ್ಯರು ಅಲ್ಲಿರಲಿಲ್ಲ, ಶಿಬಿರ ಮುಂದಿನ ಊರಿಗೆ ಹೋಗಿತ್ತು. ಕಾರ್ಯಕ್ರಮ ಬಿದ್ದುಹೋದದ್ದಕ್ಕೆ ಅಂದೂ ಸರ್ಕಾರಿ ವರದಿಗಳು ಕೊಟ್ಟ ದೊಡ್ಡ ಕಾರಣ ವದಂತಿ. ರಕ್ತಸ್ರಾವ ವದಂತಿಯಾಗಿರಲಿಲ್ಲ.

ಈ ಧೋರಣೆ ನಮ್ಮ ಅಧಿಕಾರಿಗಳು ಹುಟ್ಟುಹಾಕಿದ್ದೂ ಅಲ್ಲ. 1962ರಲ್ಲಿ ನ್ಯೂಯಾರ್ಕಿನಲ್ಲಿ ಪಾಪ್ಯುಲೇಷನ್ ಕೌನ್ಸಿಲ್ ನಡೆಸಿದ ವಂಕಿಗಳ ಸಮ್ಮೇಳನದಲ್ಲಿ ಒಬ್ಬ ಅಮೆರಿಕನ್ ಸ್ತ್ರೀರೋಗ ತಜ್ಞರು, ದೊಡ್ಡ ಉದ್ದೇಶದ ಮುಂದೆ ಒಬ್ಬೊಬ್ಬ ರೋಗಿಯ ನಷ್ಟವನ್ನು ಒಪ್ಪಿಕೊಳ್ಳಬೇಕಾಗಬಹುದು, ಅದೂ ಆಕೆಗೆ ತಗಲಿದ ಸೋಂಕು ಬಂಜೆತನ ತಂದರೂ ಪ್ರಾಣ ತೆಗೆಯದಿದ್ದರೆ ಎಂಬ ಅರ್ಥದ ಮಾತಾಡಿದ್ದು ದಾಖಲಾಗಿದೆ. ಸಮ್ಮೇಳನದ ಕಾಗದದಲ್ಲಿ ಅಚ್ಚಾದ ಮಾತು ಇದು, ಗುಟ್ಟಾಗಿ ಪಿಸುಗುಟ್ಟಿದ್ದಲ್ಲ. ಮುಂದೆ 1971ರಲ್ಲಿ ಎ. ಎಚ್. ರಾಬಿನ್ಸ್ ಕಂಪನಿ ಮಾರುಕಟ್ಟೆಗೆ ತಂದ ಡಾಲ್ಕನ್ ಶೀಲ್ಡ್ ಎಂಬ ವಂಕಿಯ ದಾರ ಒಂದೆಳೆಯದಾಗಿರದೆ ನೂರಾರು ನವಿರು ಎಳೆಗಳ ಕಟ್ಟಾಗಿತ್ತು. ಆ ಎಳೆಗಳ ಸಂದಿಯಿಂದ ರೋಗಾಣುಗಳು ಗರ್ಭಕೋಶಕ್ಕೆ ಏರಿದವು, ವಂಕಿ ಇರುವಾಗಲೇ ಬಸುರಾದವರಲ್ಲಿ ಗರ್ಭ ಕೊಳೆತು ಸಾವುಗಳಾದವು. 1974ರಲ್ಲಿ ಅಮೆರಿಕದಲ್ಲಿ ಮಾರಾಟ ನಿಂತಿತು, 1985ರಲ್ಲಿ ಮೊಕದ್ದಮೆಗಳ ಹೊರೆಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅಮೆರಿಕದ ಹೆಂಗಸರಲ್ಲಿ ಹೆಚ್ಚಿನವರು ಆಮೇಲೆ ವರ್ಷಗಟ್ಟಲೆ ಯಾವ ವಂಕಿಯ ಹತ್ತಿರವೂ ಸುಳಿಯಲಿಲ್ಲ. ಅವರನ್ನು ಯಾರೂ ಮೂಢನಂಬಿಕೆಯವರು ಎನ್ನಲಿಲ್ಲ. ನ್ಯಾಯಾಲಯಕ್ಕೆ ಹೋದವರು ಎಂದರು.

ಇಲ್ಲಿ ಎದುರಾಗುವ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಈಗಿನ ಕಾಪರ್-ಟಿ ಡಾಲ್ಕನ್ ಶೀಲ್ಡ್ ಅಲ್ಲ, ಲೂಪೂ ಅಲ್ಲ. 2002ರಿಂದ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ, ದಿನಾ ಮಾತ್ರೆ ನುಂಗುವ ಕೆಲಸವಿಲ್ಲ, ತೆಗೆಸಿದರೆ ಮತ್ತೆ ಬಸುರಾಗಬಹುದು. ಬೇಡದ ಬಸುರಿನ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು: 2018-20ರ ಲೆಕ್ಕದಲ್ಲಿ ದೇಶದಲ್ಲಿ ಲಕ್ಷ ಜೀವಂತ ಹೆರಿಗೆಗೆ 97 ತಾಯಂದಿರು, ಕರ್ನಾಟಕದಲ್ಲಿ 69 ತಾಯಂದಿರು ಸಾಯುತ್ತಿದ್ದರು. ವಂಕಿ ತೂತು ಮಾಡಿ ಪ್ರಾಣ ತೆಗೆಯುವುದು ಅಪರೂಪದಲ್ಲಿ ಅಪರೂಪ. ಹಾಗಿರುವಾಗ ಸಾವಿರದಲ್ಲಿ ಒಬ್ಬಳಿಗಾಗುವುದನ್ನು ಹೇಳಿ ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಯನ್ನು ಹೆದರಿಸಿ ಓಡಿಸಬೇಕೆ? ಎಂಬುದು ಪ್ರಶ್ನೆ. ಪ್ರಾಮಾಣಿಕವಾಗಿ ದುಡಿಯುವ ಎಷ್ಟೋ ವೈದ್ಯೆಯರು ಇದನ್ನು ಕೇಳುತ್ತಾರೆ.

ಉತ್ತರ ಅವರ ಪ್ರಶ್ನೆಯಲ್ಲೇ ಇದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೇಳದೆಯೇ ನೋಡಿದ್ದೇವಲ್ಲ, ಯಾರು ಉಳಿದರು? ಅದೇ 2019-21ರ ಸಮೀಕ್ಷೆಯಲ್ಲಿ ದೇಶದ ವಿವಾಹಿತ ಹೆಂಗಸರಲ್ಲಿ ವಂಕಿ ಬಳಸುವವರು ನೂರಕ್ಕೆ ಎರಡು ಚಿಲ್ಲರೆ. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು ಸುಮಾರು 38. ಕರ್ನಾಟಕದಲ್ಲಂತೂ ಅರ್ಧಕ್ಕೂ ಹೆಚ್ಚು, 57. ದೇಶಕ್ಕೇ ಮೊದಲು, 1930ರಲ್ಲಿ, ಸರ್ಕಾರಿ ಗರ್ಭನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆದ ಮೈಸೂರು ಸಂಸ್ಥಾನದ ವಾರಸುದಾರರಾದ ನಾವು ತೊಂಬತ್ತು ವರ್ಷಗಳ ನಂತರ ಬಂದು ನಿಂತಿರುವುದು ಇಲ್ಲಿ: ಎರಡು ಮಕ್ಕಳಾಗುತ್ತಲೇ, ಮೂವತ್ತು ತುಂಬುವ ಮುಂಚೆ, ಹೆಂಗಸಿನ ಆಪರೇಷನ್. ಗಂಡಸರ ಆಪರೇಷನ್ ಸುಲಭ, ಅಪಾಯ ಕಡಿಮೆ, ಆದರೆ ಅದು ಈ ರಾಜ್ಯದಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ; ಗಂಡಸರ ಆ ಅಂಜಿಕೆಗೆ ಯಾವ ಕರಪತ್ರವೂ ಎಡಗಡೆ ಜಾಗ ಕೊಟ್ಟು ಅಷ್ಟಾಗಿ ಗದರುವುದಿಲ್ಲ. ವಂಕಿಗೆ ಹೆದರಿದವಳು ಹೋಗಿ ಮಲಗುವುದು ಆಪರೇಷನ್ ಟೇಬಲ್ಲಿನ ಮೇಲೆ. ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ 2014ರ ನವೆಂಬರಿನ ಒಂದೇ ಶಿಬಿರದಲ್ಲಿ ಒಂದೇ ದಿನ 83 ಹೆಂಗಸರಿಗೆ ಆಪರೇಷನ್ ಮಾಡಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂಥ ಶಿಬಿರಗಳನ್ನು ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಸುಳ್ಳು ಭರವಸೆ ವಂಕಿಯನ್ನು ಕಾಪಾಡಲಿಲ್ಲ, ಅದಕ್ಕಿಂತ ಅಪಾಯದ ದಾರಿಗೆ ಹೆಂಗಸರನ್ನು ತಳ್ಳಿತು.

ಹೇಳಿದರೆ ಏನಾಗುತ್ತದೆ? ‘ತಂಗೀ, ಸಾವಿರದಲ್ಲಿ ಒಬ್ಬರಿಗೋ ಇಬ್ಬರಿಗೋ ಇದು ಗರ್ಭಚೀಲ ದಾಟಿ ಹೊಟ್ಟೆಗೆ ಹೋಗುತ್ತೆ. ನೀನು ಹಾಲು ಕುಡಿಸ್ತಿದ್ದೀಯ, ನಿನಗೆ ಸ್ವಲ್ಪ ಜಾಸ್ತಿ. ದಾರ ಸಿಗದಿದ್ದರೆ ಬಾ, ಎಕ್ಸ್-ರೇ ತೆಗೆಸೋಣ, ಹೋಗಿದ್ದರೆ ತೆಗೆಸಿಕೊಡ್ತೀವಿ. ಮುಟ್ಟು ತಪ್ಪಿದರೆ ಅವತ್ತೇ ಬಾ.’ ಅರ್ಧ ನಿಮಿಷದ ಮಾತು. ಇದನ್ನು ಕೇಳಿ ಕೆಲವರು ಬೇಡ ಅಂದಾರು, ಅದು ಅವರ ಹಕ್ಕು. ಹಾಕಿಸಿಕೊಂಡವಳು ಮಾತ್ರ ದಾರ ಸಿಗದ ದಿನ ಕಂಗಾಲಾಗುವುದಿಲ್ಲ, ಎಲ್ಲಿಗೆ ಹೋಗಬೇಕು, ಏನು ಕೇಳಬೇಕು ಎಂದು ಗೊತ್ತಿರುತ್ತದೆ. ‘ಬಿದ್ದೋಗಿರ್ಬೇಕು’ ಅಂದವರಿಗೆ ‘ಎಕ್ಸ್-ರೇ?’ ಎಂದು ಕೇಳುವವಳು ಅವಳೇ. ಹೊಟ್ಟೆಗೆ ಹೋಗಿದ್ದರೂ ತಿಂಗಳೊಳಗೆ ತೆಗೆಸಿಕೊಂಡು ಬಂದವಳು ಊರಲ್ಲಿ ಹೇಳುವ ಕತೆಯೇ ಬೇರೆ.

ಇನ್ನು ಹೇಳದೆ ಹಾಕುವ ಸಂಗತಿ. ಹೆರಿಗೆಯಾದ ಹತ್ತು ನಿಮಿಷದೊಳಗೆ, ಹೆಚ್ಚೆಂದರೆ 48 ಗಂಟೆಯೊಳಗೆ ಹಾಕುವ ಕ್ರಮವನ್ನು ಸರ್ಕಾರ ಕಳೆದೊಂದು ದಶಕದಿಂದ ಜೋರಾಗಿ ಹಬ್ಬಿಸಿದೆ. ವೈದ್ಯಕೀಯವಾಗಿ ಇದು ಒಳ್ಳೆಯ ಯೋಚನೆ. ಆಸ್ಪತ್ರೆಗೆ ಬಂದವಳು ಮತ್ತೆ ಬರುತ್ತಾಳೋ ಇಲ್ಲವೋ. ಹಾಕಿದವರಿಗೆ 150 ರೂಪಾಯಿ, ಕರೆತಂದ ಆಶಾ ಕಾರ್ಯಕರ್ತೆಗೆ 150 ರೂಪಾಯಿ ಎಂದೂ ಸರ್ಕಾರ ಇಟ್ಟಿತು. ಆದರೆ ಹೆರಿಗೆ ನೋವಿನ ನಡುವೆ ಹಾಕಿಸಿದ ಹೆಬ್ಬೆಟ್ಟಿನ ಒಪ್ಪಿಗೆಯ, ಅಥವಾ ಅದೂ ಇಲ್ಲದೆ ವಂಕಿ ಹಾಕಿದ ದೂರುಗಳು ದೇಶದ ಹಲವು ಕಡೆಯಿಂದ ಪತ್ರಿಕೆಗಳಲ್ಲಿ ಬಂದಿವೆ. ಇದನ್ನು ಹಕ್ಕಿನ ಉಲ್ಲಂಘನೆ ಎಂದು ಬರೆಯುತ್ತೇವೆ, ಸರಿಯೇ. ಅದು ನೇರ ವೈದ್ಯಕೀಯ ಅಪಾಯವೂ ಹೌದು ಎಂದು ಬರೆಯುವುದಿಲ್ಲ. ತನ್ನೊಳಗೆ ವಂಕಿ ಇದೆ ಎಂದೇ ತಿಳಿಯದವಳು ಯಾವ ದಾರವನ್ನು ಹುಡುಕಿಯಾಳು? ಮೂರು ವರ್ಷ ಬಸುರಾಗದಿದ್ದಕ್ಕೆ ಅವಳು ಹರಕೆ ಹೊರುತ್ತಾಳೆ, ಬಂಜೆತನದ ಕ್ಲಿನಿಕ್ಕಿಗೆ ಹಣ ಸುರಿಯುತ್ತಾಳೆ. ಮೂತ್ರದಲ್ಲಿ ರಕ್ತ ಬಂದಾಗ ‘ವಂಕಿ ಹಾಕಿಸಿದ್ದೀರಾ’ ಎಂದು ವೈದ್ಯರು ಕೇಳಿದರೆ ಇಲ್ಲ ಎನ್ನುತ್ತಾಳೆ. ತಾಯಿ ಕಾರ್ಡಿನಲ್ಲಿ ಒಂದು ಗೆರೆ ಬರೆದಿದ್ದರೆ, ಅದನ್ನು ಅವಳಿಗೆ ಓದಿ ಹೇಳಿದ್ದರೆ ಸಾಕಿತ್ತು.

ತೆಗೆಸಿಕೊಳ್ಳಲು ಬಂದವಳನ್ನು ನಡೆಸಿಕೊಳ್ಳುವ ರೀತಿ ನೋಡಿದರೆ ಈ ಕಾರ್ಯಕ್ರಮ ಯಾರಿಗಾಗಿ ಎಂದು ಗೊತ್ತಾಗುತ್ತದೆ. ಹಾಕಿಸುವಾಗ ‘ಯಾವಾಗ ಬೇಕಾದರೂ ತೆಗೆಸಬಹುದು’ ಎಂದವರೇ ಆರು ತಿಂಗಳಿಗೆ ಬಂದರೆ ‘ಹತ್ತು ವರ್ಷದ್ದು ಕಣಮ್ಮ, ಸ್ವಲ್ಪ ತಡ್ಕೋ, ಹೊಂದಿಕೊಳ್ಳುತ್ತೆ’ ಎಂದು ಐರನ್ ಮಾತ್ರೆ ಕೊಟ್ಟು ಕಳಿಸುತ್ತಾರೆ. ಹಾಕಿದ್ದಕ್ಕೆ ಇರುವ 150 ರೂಪಾಯಿ ತೆಗೆದಿದ್ದಕ್ಕೆ ಇಲ್ಲ. ತೆಗೆಯಲು ಕೇಳಿದ್ದು ದೂರು, ಹೊಟ್ಟೆನೋವು ಎಂದದ್ದು ನೆಪ. ಈ ನೆಪಗಳಲ್ಲಿ ಹೆಚ್ಚಿನವು ನಿಜಕ್ಕೂ ಸಣ್ಣವೇ ಇರಬಹುದು, ಆದರೆ ಗೋಡೆಯಲ್ಲಿ ಅರ್ಧ ಹೂತ ವಂಕಿಯೂ ಮೊದಲು ಬರುವುದು ಅದೇ ಹೊಟ್ಟೆನೋವಿನ ರೂಪದಲ್ಲಿ, ಅದೇ ಸರದಿಯಲ್ಲಿ ನಿಂತು. ಅಲ್ಲಿ ಅವಳ ಮಾತನ್ನು ನಂಬಿ, ಪರೀಕ್ಷಾ ಮೇಜಿನ ಮೇಲೆ ಮಲಗಿಸಿ ದಾರ ನೋಡಿದ ಆಸ್ಪತ್ರೆಯ ಸುತ್ತಮುತ್ತಲಿನ ಹಳ್ಳಿಗಳಲ್ಲಿ ವಂಕಿ ಹಾಕಿಸಿಕೊಳ್ಳುವವರು ಹೆಚ್ಚುತ್ತಾರೋ ಕಡಿಮೆಯಾಗುತ್ತಾರೋ ಎಂಬುದನ್ನು ಕರಪತ್ರ ಅಚ್ಚು ಹಾಕಿಸುವ ಇಲಾಖೆ ಒಂದು ಜಿಲ್ಲೆಯಲ್ಲಾದರೂ ಎಣಿಸಿ ನೋಡಲಿ.